ಒಂದು ಸುತ್ತು ಹೊಡೆದ ಮೀಟರು

ವಯಸ್ಸಾಯಿತು, ಗಾಡಿ ಮಾರಿಬಿಡಿ ಎಂದು ಮಗಳು ಹೇಳಿದಂದಿನಿಂದ ಉಣಕಲ್ಲಿನ ಗಿರಿಯಪ್ಪ ಮಾಸ್ತರರು ತಮ್ಮ ಹಳೆಯ ಮೋಟರ್ ಸೈಕಲ್ಲನ್ನು ಮಾರುತ್ತಲೇ ಇದ್ದಾರೆ. ಭಾನುವಾರ ಬೆಳಿಗ್ಗೆ ಅದನ್ನು ತೊಳೆದು, ಒರೆಸಿ, 'ಮಾರುವುದಿದೆ' ಎಂಬ ರಟ್ಟನ್ನು ಹ್ಯಾಂಡಲ್ಲಿಗೆ ಕಟ್ಟಿ, ಇಸ್ತ್ರಿ ಅಂಗಿ ತೊಟ್ಟು ಕಟ್ಟೆಯ ಮೇಲೆ ಕೂರುತ್ತಾರೆ. ಬಂದ ಗಿರಾಕಿ ಮೊದಲು ಬಗ್ಗಿ ನೋಡುವುದು ಮೀಟರನ್ನು. ಅದರಲ್ಲಿ ಬರೀ ನಾಲ್ಕು ಸಾವಿರ ಕಿಲೋಮೀಟರ್. ಅವನ ಕಣ್ಣು ಅರಳುವಷ್ಟರಲ್ಲಿ ಮಾಸ್ತರರು, "ಅದನ್ನ ನಂಬಬ್ಯಾಡ್ರಿ. ಲಕ್ಷ ಮುಟ್ಟಿ ಮತ್ತ ಸೊನ್ನಿಯಿಂದ ಸುರು ಆಗೈತಿ," ಎಂದು ತಾವೇ ಹೇಳಿಬಿಡುತ್ತಾರೆ. ಗಿರಾಕಿ ಅರ್ಧ ಬೆಲೆಗೆ ಇಳಿಯುತ್ತಾನೆ. ಮಾಸ್ತರರು ಚಹಾ ಕುಡಿಸಿ ಕಳಿಸಿಬಿಡುತ್ತಾರೆ. "ಸುಮ್ಮ ಕುಂತಿದ್ರಿ ಅಂದ್ರ ಗಾಡಿ ಎಂದೋ ಹೋಗ್ತಿತ್ತು," ಎಂದು ಹೆಂಡತಿ ಮುತ್ತವ್ವ ಗೊಣಗಿದರೆ, "ಸಾಲ್ಯಾಗ ಹುಡುಗ್ರಿಗೆ ಸುಳ್ಳ ಹೇಳಬ್ಯಾಡ್ರಿ ಅಂದಾಂವ ನಾ," ಎನ್ನುತ್ತಾರೆ. ಆಮೇಲೆ ರಟ್ಟು ಬಿಚ್ಚಿಟ್ಟು, ಅದೇ ಗಾಡಿಯ ಹಿಂದೆ ಅವಳನ್ನು ಕೂರಿಸಿಕೊಂಡು ಧಾರವಾಡಕ್ಕೆ, ಮಗಳ ಮನೆಗೆ ಊಟಕ್ಕೆ ಹೊರಡುತ್ತಾರೆ. ಮೊನ್ನೆ ಕಮರಿಪೇಟೆಯ ಹುಡುಗನೊಬ್ಬ ಎಲ್ಲ ಕೇಳಿಸಿಕೊಂಡು, ಕಿಕ್ ಹೊಡೆದು, ಇಂಜಿನ್ನಿಗೆ ಕಿವಿಗೊಟ್ಟು, "ಒಂದ ಸುತ್ತ ಹೊಡದ್ರ ಏನಾತ್ರಿ ಸರ, ಗಾಡಿ ಛಲೋ ಐತಿ. ನೀವು ಹೇಳಿದ ರೇಟಿಗೇ ತಗೋತೇನಿ," ಎಂದ. ಮಾಸ್ತರರು ಹಿಂದಿನ ಸೀಟನ್ನೊಮ್ಮೆ ನೋಡಿದರು, ಬಾಗಿಲಲ್ಲಿ ನಿಂತ ಮುತ್ತವ್ವನನ್ನೊಮ್ಮೆ ನೋಡಿದರು. "ಒಂದಲ್ಲಪಾ ತಮ್ಮಾ," ಎಂದರು ಮೆಲ್ಲಗೆ, "ಎರಡ ಸುತ್ತ ಹೊಡದೈತಿ." ಮುತ್ತವ್ವ ಏನೂ ಗೊಣಗದೆ ಒಳಗೆ ಹೋಗಿ ಚಹಾಕ್ಕಿಟ್ಟಳು.