ಇಂಜಿನ್ ಬಿಚ್ಚಿದ ಗಾಡಿ

ಮದುವೆಯಾಗಿ ಎರಡು ವರ್ಷವಾಗಿತ್ತು. ಪಂಚಮಿ ಹಬ್ಬಕ್ಕೆಂದು ನನ್ನನ್ನು ಸಿರುಗುಪ್ಪದ ತವರಿಗೆ ಕರೆತಂದ ಗಂಡ, ನನ್ನ ಜೊತೆಗೆ ತನ್ನ ಮೋಟರ್‌ಸೈಕಲ್ಲನ್ನೂ ಅಂಗಳದಲ್ಲೇ ಬಿಟ್ಟು ಬಸ್ಸು ಹತ್ತಿ ಕುರುಗೋಡಿಗೆ ವಾಪಸು ಹೋದ. ಹೋಗುವ ಮುಂಚೆ ಚಾದ ಲೋಟ ಕೆಳಗಿಟ್ಟು ಅಪ್ಪನಿಗೆ ಹೇಳಿದ ಮಾತು ಈಗಲೂ ಕಿವಿಯಲ್ಲಿದೆ.

“ಗೇರ್‌ಬಾಕ್ಸ್‌ನ್ಯಾಗ ಸದ್ದು ಬರ್ತೈತ್ರಿ ಮಾವ. ನೀವು ಕೊಡ್ಸಿದ ಗಾಡಿ, ನೀವಾ ನೋಡ್ರಿ. ಸರಿ ಆದಮ್ಯಾಲ ಫೋನ್ ಮಾಡ್ರಿ, ಬಂದು ಇಕಿನ್ನ ಕರ್ಕಂಡು ಹೋಗ್ತೀನಿ.”

ಅಪ್ಪ ಕೈಕಟ್ಟಿ ನಿಂತು “ಆತ್ರಿ ಅಳಿಯಂದ್ರೆ” ಅಂದ. ಹೀಗೆ ಒಂದೇ ಬೇವಿನ ಮರದ ಕೆಳಗೆ ನಾವಿಬ್ಬರೂ ಉಳಿದೆವು, ನಾನು ಮತ್ತು ಗಾಡಿ. ರಾತ್ರಿ ಮಳೆ ಬಂದೀತೆಂದು ಅವ್ವ ಗಾಡಿಗೆ ತಾಡಪತ್ರಿ ಹೊದಿಸಿದಳು.

ಆ ಗಾಡಿ ಮದುವೆಯಲ್ಲಿ ಅಪ್ಪ ಕೊಡಿಸಿದ್ದು. ಬಣ್ಣ ಗಂಡ ಆರಿಸಿದ್ದ, ಕಾಗದಪತ್ರ ಶೋರೂಮಿನಲ್ಲೇ ಅವನ ಹೆಸರಿಗೆ ಆಗಿತ್ತು. ಆಗ ನಾನು ಅವನನ್ನು ‘ಅವರು’ ಅನ್ನುತ್ತಿದ್ದೆ. ಈಗ ಎಷ್ಟೇ ಪ್ರಯತ್ನಪಟ್ಟರೂ ನಾಲಿಗೆ ಹಾಗೆ ಹೊರಳುವುದಿಲ್ಲ. ಕುರುಗೋಡಿನಲ್ಲಿ ಅವನದು ಗೊಬ್ಬರದ ಅಂಗಡಿ. ಸಂಜೆ ಅಂಗಡಿ ಮುಚ್ಚಿ ಮನೆಯ ತಿರುವಿಗೆ ಬಂದು ಗೇರ್ ಇಳಿಸಿದಾಗ ಗಾಡಿಯಿಂದ ‘ಠಣ್’ ಎಂದು ಒಂದು ಗುದ್ದು ಕೇಳುತ್ತಿತ್ತು. ಅದು ಕಿವಿಗೆ ಬಿದ್ದ ಕೂಡಲೇ ನಾನು ರೊಟ್ಟಿಯ ಹಂಚು ಒಲೆಗಿಡುತ್ತಿದ್ದೆ. ಅವನು ಕೈಕಾಲು ತೊಳೆದು ಬರುವುದಕ್ಕೂ ಮೊದಲ ರೊಟ್ಟಿ ಉಬ್ಬುವುದಕ್ಕೂ ಸರಿಹೋಗುತ್ತಿತ್ತು. ಸುಳ್ಳೇಕೆ ಹೇಳಲಿ, ನನಗೆ ಆ ಸದ್ದು ಇಷ್ಟವಾಗಿತ್ತು. ಕುರುಗೋಡಿಗೆ ವಾಪಸು ಹೋಗಬೇಕೆಂಬ ಆಸೆಯೂ ಇತ್ತು. ಒಮ್ಮೊಮ್ಮೆ ಅವನು ಬಳ್ಳಾರಿಯಿಂದ ಬಿಸಿ ಮಿರ್ಚಿ ಕಟ್ಟಿಸಿಕೊಂಡು ಬರುತ್ತಿದ್ದ. ಬರುವಷ್ಟರಲ್ಲಿ ಅದು ಆರಿ ಮೆತ್ತಗಾಗಿರುತ್ತಿತ್ತು, ಆದರೂ ತಂದಿದ್ದನಲ್ಲ ಎಂದು ತಿನ್ನುತ್ತಿದ್ದೆ.

ನಮ್ಮ ಕಡೆ ಪಂಚಮಿಗೆ ಬಂದ ಮಗಳನ್ನು ಗಂಡನೇ ಬಂದು ಕರೆದುಕೊಂಡು ಹೋಗಬೇಕು. ಜೊತೆಗೆ ಡಬ್ಬಿ ತುಂಬ ಉಂಡಿ ಕಟ್ಟಿಕೊಡುತ್ತಾರೆ. ಓಣಿಯ ಹೆಣ್ಣುಮಕ್ಕಳೆಲ್ಲ ಜೋಕಾಲಿ ಆಡಿ, ಉಂಡಿ ಹೊತ್ತು, ಗಂಡಂದಿರ ಹಿಂದೆ ಕುಳಿತು ಹೋದರು. ನನ್ನ ಡಬ್ಬಿ ಜಂತಿಯ ಕೆಳಗೆ ಹಾಗೆಯೇ ಇತ್ತು. ನೀರಿಗೆ ಹೋದಲ್ಲಿ ಪಕ್ಕದ ಮನೆಯವಳು “ಇನ್ನಾ ಇಲ್ಲೇ ಅದೀಯೇನವ್ವ?” ಎಂದು ಕೇಳಿದರೆ “ಗಾಡಿ ರಿಪೇರಿ ಐತಿ” ಅನ್ನುತ್ತಿದ್ದೆ. ಬೇರೆ ಏನು ಹೇಳಲಿ?

ಇತ್ತ ಗಾಡಿಗೆ ವೈದ್ಯರು ಹೆಚ್ಚಾದರು. ಅಣ್ಣ ಆಯಿಲ್ ಬದಲಿಸಿ ನೋಡಿದ. ಎದುರು ಮನೆಯ ಟ್ರ್ಯಾಕ್ಟರ್ ಡ್ರೈವರ್ ಕ್ಲಚ್ ಹಿಡಿದು ಬಿಟ್ಟು, ಹಿಡಿದು ಬಿಟ್ಟು, “ಕ್ಲಚ್ ಪ್ಲೇಟ್ ಹೋಗ್ಯಾವ” ಎಂದು ತೀರ್ಪು ಕೊಟ್ಟ. ಬಸ್ ಸ್ಟ್ಯಾಂಡ್ ರಸ್ತೆಯ ಮೆಕ್ಯಾನಿಕ್ ಮನೆಗೇ ಬಂದ. ಗಾಡಿಯನ್ನು ಸ್ಟ್ಯಾಂಡಿಗೆ ಹಾಕಿ ಚಾಲೂ ಮಾಡಿ, ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ ಒತ್ತಿ, ಹಿಡಿಕೆಯನ್ನು ಕಿವಿಗೆ ಹಚ್ಚಿಕೊಂಡು ಕಣ್ಣು ಮುಚ್ಚಿದ. ಅಂಗಳದಲ್ಲಿ ನೆರೆದ ಓಣಿಯ ಜನವೆಲ್ಲ ಮುಂದೆ ಬಾಗಿದರು. ಹೋದ ವರ್ಷ ಬಾಣಂತನದಲ್ಲಿ ತೀರಿಹೋದ ನನ್ನ ಕೂಸನ್ನು ನೋಡಲು ಕೂಡ ಇಷ್ಟು ಜನ ಬಂದಿರಲಿಲ್ಲ.

“ಗೇರ್‌ಬಾಕ್ಸ್ ಬೇರಿಂಗು,” ಅಂದ ಅವನು. “ಇಂಜಿನ್ ಬಿಚ್ಚಬೇಕು.”

ಅವನು ಹೇಳಿದ್ದು ತಪ್ಪೆಂದು ನನಗೆ ಗೊತ್ತಿತ್ತು. ಎರಡು ವರ್ಷ ಹಿಂದಿನ ಸೀಟಿನಲ್ಲಿ ಕುಳಿತವಳು ನಾನು. ಆ ಗುದ್ದು ಬರುತ್ತಿದ್ದದ್ದು ಗಂಡನ ಕಾಲ ಬುಡದಿಂದಲ್ಲ, ನನ್ನ ಕೆಳಗಿನಿಂದ. ಗೇರ್ ಬದಲಿಸಿ ಕ್ಲಚ್ ಬಿಟ್ಟಾಗಲೆಲ್ಲ ಹಿಂದಿನ ಗಾಲಿಯಿಂದ ಏಳುವ ಗುದ್ದು ನನ್ನ ಬೆನ್ನುಹುರಿಗೆ ತಾಗುತ್ತಿತ್ತು. ಸ್ಟ್ಯಾಂಡಿನ ಮೇಲೆ ಗಾಲಿ ಗಾಳಿಯಲ್ಲಿ ತಿರುಗಿದರೆ ಅದು ಹೇಗೆ ಕೇಳೀತು?

“ಸದ್ದು ಹಿಂದ್ಲಿಂದ ಬರ್ತೈತಿ. ಹಿಂದ ಭಾರ ಇದ್ರ ಜಾಸ್ತಿ ಬರ್ತೈತಿ,” ಅಂದೆ.

“ಹಿಂದ ಕುಂತಾರಿಗೆ ಇಂಜಿನ್ ವಿಚಾರ ಏನ್ ತಿಳಿತೈತಿ? ನೀ ಒಳಗ ಹೋಗಿ ಚಾ ಮಾಡು,” ಅಂದ ಅಣ್ಣ.

ಒಳಗೆ ಹೋಗಿ ಚಾ ಮಾಡಿದೆ. ಸಿಟ್ಟಿಗೆ ಸಕ್ಕರೆ ಹಾಕಲಿಲ್ಲ. ಯಾರೂ ಅದನ್ನೂ ಗಮನಿಸಲಿಲ್ಲ.

ಅಪ್ಪ ಅಕ್ಕಿ ಮಿಲ್ಲಿನಲ್ಲಿ ಯಂತ್ರ ನೋಡಿಕೊಳ್ಳುವವನು. ಅಲ್ಲಿ ಸೀಸನ್ ಮುಗಿದ ಮೇಲೆ ಯಂತ್ರವನ್ನು ಪೂರ್ತಿ ಬಿಚ್ಚಿ, ತೊಳೆದು, ಸವೆದ ಸಾಮಾನು ಬದಲಿಸಿ, ಹಳೆಯದನ್ನೆಲ್ಲ ಮಾಲೀಕನ ಮುಂದೆ ಹರವಿ ತೋರಿಸುವುದು ರೂಢಿ. ಕೆಲಸ ನಿಜವಾಗಿ ಆಗಿದೆ ಎಂಬುದಕ್ಕೆ ಅದೇ ಸಾಕ್ಷಿ. ಅಳಿಯನ ಗಾಡಿಗೂ ಅವನು ಹಾಗೆಯೇ ಮಾಡಿಸಿದ. ಅವ್ವ ಹಿಂದೆಮುಂದೆ ನೋಡಿದ್ದಕ್ಕೆ, “ಸಣ್ಣಪುಟ್ಟ ರಿಪೇರಿ ಮಾಡ್ಸಿ ಕೊಟ್ರ ಅಳಿಯಂದ್ರು ಏನ್ ತಿಳ್ಕಂತಾರ? ಬಿಚ್ಚಿದ್ರ ಪೂರಾ ಬಿಚ್ಚಬೇಕು,” ಅಂದ. ಇಂಜಿನ್ ಬಿಚ್ಚಲಾಯಿತು. ಕ್ಲಚ್ ಪ್ಲೇಟು, ಬೇರಿಂಗು, ಇನ್ನೂ ಏನೇನೋ ಹೊಸದು ಬಂತು. ಹಳೆಯದನ್ನೆಲ್ಲ ಅಪ್ಪ ಒಂದು ಅಕ್ಕಿ ಚೀಲದಲ್ಲಿ ಕಟ್ಟಿಟ್ಟ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಗಾಡಿ ಮತ್ತೆ ಜೋಡಿಸಿ ಅಣ್ಣ ಓಣಿಯ ತುದಿಯವರೆಗೆ ಅವ್ವನನ್ನು ಕೂರಿಸಿಕೊಂಡು ಹೋಗಿ ಬಂದ. ಸದ್ದು ಹಾಗೆಯೇ ಇತ್ತು.

ಆಮೇಲೆ ಅದನ್ನು ಬಳ್ಳಾರಿಯ ಒಂದು ಗ್ಯಾರೇಜಿಗೆ ಒಯ್ಯುವುದೆಂದಾಯಿತು. ಹಿಂದೆ ಯಾರಾದರೂ ಕುಳಿತರೆ ಮಾತ್ರ ಸದ್ದು ಜೋರಾಗಿ ಬರುತ್ತದೆ ಎಂಬುದು ಅಷ್ಟರಲ್ಲಿ ಅಣ್ಣನಿಗೂ ಹೊಳೆದಿತ್ತು. ಅದಕ್ಕೇ ನನ್ನನ್ನು ಕರೆದೊಯ್ದ. ತೆಕ್ಕಲಕೋಟೆ ದಾಟುವವರೆಗೂ ಪ್ರತಿ ಗೇರಿಗೂ ಅದು ನನಗೆ ಗುದ್ದುತ್ತಲೇ ಇತ್ತು.  ಬಳ್ಳಾರಿಯ ಮೆಕ್ಯಾನಿಕ್ ನನ್ನನ್ನು ಹಿಂದೆ ಕೂರಿಸಿಕೊಂಡು ಒಂದು ಸುತ್ತು ಹಾಕಿ ಬಂದು, ಇಂಜಿನ್ನನ್ನು ಮುಟ್ಟದೆ ಹಿಂದಿನ ಗಾಲಿ ಕಳಚಿದ. ಗಾಲಿಯ ನಡುವೆ, ಚೈನಿನ ಎಳೆತದ ಏಟು ತಡೆಯಲೆಂದು ರಬ್ಬರಿನ ತುಂಡುಗಳನ್ನು ಕೂರಿಸಿರುತ್ತಾರೆ. ಅವು ಹಳೆಯ ಚಪ್ಪಲಿಯ ಹಿಮ್ಮಡಿಯಂತೆ ಸವೆದು ಚಪ್ಪಟೆಯಾಗಿದ್ದವು.

“ಹಿಂದ ಏನ್ ಹೇರ್ತೀರಿ ಇದಕ್ಕ?” ಎಂದು ಕೇಳಿದ.

“ಗೊಬ್ಬರದ ಚೀಲ,” ಅಂದೆ. ಅಂಗಡಿಯಿಂದ ಹೊಲಗಳಿಗೆ ಚೀಲ ಮುಟ್ಟಿಸಲು ಗಂಡ ದಿನಾ ಅದರ ಮೇಲೆಯೇ ಹೇರುತ್ತಿದ್ದ. ಗಾಡಿಗೆ ಮೊದಲಿಂದಲೂ ಸದ್ದಿತ್ತು ಎಂದು ಊರೆಲ್ಲ ಹೇಳಿಕೊಂಡು ಬಂದವನೂ ಅವನೇ. ತಾನು ಮೊಸರು ತಿಂದು ಮೇಕೆಯ ಬಾಯಿಗೆ ಒರೆಸುವ ಕೋತಿಯ ಕತೆ ಕೇಳಿದ್ದೆ. ಆ ಮೇಕೆ ನಾನೇ ಎಂದು ಅವತ್ತು ತಿಳಿಯಿತು.

ಹೊಸ ರಬ್ಬರ್ ಹಾಕಿದ ಮೇಲೆ ಗಾಡಿ ಸದ್ದಿಲ್ಲದೆ ಓಡಿತು. ವಾಪಸು ಬರುವಾಗ ಅಣ್ಣ, “ಗೊಬ್ಬರದ ಚೀಲದ ಮಾತು ಅಲ್ಲಿ ಎತ್ತಬ್ಯಾಡ. ಸುಮ್ನ ಹೋಗಿ ಬಾಳ್ವೆ ಮಾಡು,” ಅಂದ. ನೀನು ಹೇಳಿದ್ದೇ ಖರೆಯಾಯಿತು ಎಂಬ ಮಾತು ಅವನ ಬಾಯಿಂದ ಬರಲಿಲ್ಲ. ನಾನು ಕಾದದ್ದು ಅದೊಂದಕ್ಕೆ.

ಅಪ್ಪ ಫೋನ್ ಮಾಡಿದರೆ ಅಳಿಯ, “ಗಾಡಿ ಇಲ್ಲದ ನಾ ಹೆಂಗ್ ಬರ್ಲ್ರಿ? ನೀವಾ ತಂದು ಮುಟ್ಟಸ್ರಿ,” ಅಂದನಂತೆ. ಕರೆಯಲು ಬರಬೇಕಾದವನು ಬರಲಿಲ್ಲ. ನಾವೇ ಹೊರಟೆವು. ಉಂಡಿ ಅಷ್ಟರಲ್ಲಿ ಕಮಟು ಹಿಡಿದಿತ್ತು, ಅವ್ವ ಹೊಸದಾಗಿ ಕಟ್ಟಿಕೊಟ್ಟಳು. ಅಣ್ಣ ಗಾಡಿ ಹೊಡೆದ, ನಾನು ಹಿಂದೆ ಕುಳಿತೆ. ಅಪ್ಪ ಹಳೆ ಸಾಮಾನಿನ ಚೀಲ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಬಂದ.

ಕುರುಗೋಡಿನಲ್ಲಿ ಅತ್ತೆ ಎಲ್ಲರಿಗೂ ಚಾ ಕೊಟ್ಟರು. ಗಂಡ ಕೀಲಿ ತೆಗೆದುಕೊಂಡು ಒಂದು ಸುತ್ತು ಹೋಗಿ ಬಂದು, “ಸದ್ದೇನೋ ಹೋಗೈತಿ” ಅಂದ. ಅಷ್ಟಕ್ಕೆ ಅಪ್ಪ, ಅಣ್ಣ ಎದ್ದು ಬಂದಿದ್ದರೆ ನಾನು ಇವತ್ತಿಗೂ ಅಲ್ಲೇ ಇರುತ್ತಿದ್ದೆನೇನೋ. ಆದರೆ ಅಪ್ಪನಿಗೆ ಮಿಲ್ಲಿನ ರೂಢಿ. ಕಟ್ಟೆಯ ಮೇಲೆ ಚೀಲ ಬಿಚ್ಚಿ, ಆಯಿಲ್ ಮೆತ್ತಿದ ಪ್ಲೇಟು, ಬೇರಿಂಗುಗಳನ್ನು ಒಂದೊಂದಾಗಿ ಸಾಲಾಗಿ ಇಟ್ಟ. ಅವನ ಮುಖದಲ್ಲಿ ಹೆಮ್ಮೆ ಇತ್ತು.

“ಇಂಜಿನ್ ಬಿಚ್ಚಿಸೀರೇನ್ರಿ?” ಎಂದ ಗಂಡ.

“ಹೌದ್ರಿ ಅಳಿಯಂದ್ರೆ, ಪೂರಾ ಬಿಚ್ಚಿಸಿ ಎಲ್ಲಾ ಹೊಸಾದು ಹಾಕ್ಸೀನಿ. ಯಾವುದೂ ಕಡಿಮಿ ಮಾಡಿಲ್ಲ.”

ನಮ್ಮ ಕಡೆ ಹಳೇ ಗಾಡಿ ಕೊಳ್ಳಲು ಬಂದವರು ಮೊದಲು ಕೇಳುವುದು ಒಂದೇ ಮಾತು, ಇಂಜಿನ್ ಬಿಚ್ಚಿಲ್ಲ ತಾನೇ? ಒಮ್ಮೆ ಬಿಚ್ಚಿದ ಇಂಜಿನ್ನು ಚಿನ್ನದಂತೆ ಓಡಿದರೂ ಜನ ಮೂಗು ಮುರಿಯುತ್ತಾರೆ. ಇದು ಅಪ್ಪನಿಗೂ ಗೊತ್ತಿತ್ತು. ಕೆಲಸದ ಅಭಿಮಾನದಲ್ಲಿ ಮರೆತಿದ್ದ.

“ಬಿಚ್ಚಿದ ಗಾಡಿ ನಾನೇನ್ ಮಾಡ್ಲ್ರಿ? ಮಾರಾಕ ಹೋದ್ರ ಯಾರ್ ತಗಂತಾರ? ಹೊಸಾ ಗಾಡಿ ಕೊಡಸ್ರಿ. ಅಲ್ಲೀ ಮಟ ಇಕಿ ನಿಮ್ಮಲ್ಲೇ ಇರ್ಲಿ,” ಅಂದ. ದನಿ ಏರಿಸಲಿಲ್ಲ. ಅಂಗಡಿಯಲ್ಲಿ ಗೊಬ್ಬರದ ಬೆಲೆ ಹೇಳುವ ದನಿಯಲ್ಲೇ ಹೇಳಿದ. ಹೇಳುತ್ತಾ ಗಾಡಿಯ ಕೀಲಿಯನ್ನು ಜೇಬಿಗೆ ಹಾಕಿಕೊಂಡ.

ನನಗೆ ಆ ಕೀಲಿ ಕಂಡಿತು. ಬೇಡವಾದದ್ದು ಗಾಡಿಯಲ್ಲ.

“ಸದ್ದು ಬಂದಿದ್ದು ನಿಮ್ಮ ಗೊಬ್ಬರದ ಚೀಲದಿಂದ. ಹಿಂದಿನ ಗಾಲಿ ರಬ್ಬರ್ ಹೋಗಿತ್ತು, ಅಷ್ಟಾ,” ಅಂದೆ.

ಅವನು ನನ್ನ ಕಡೆ ನೋಡಲೂ ಇಲ್ಲ. ಅಪ್ಪನಿಗೆ, “ನೋಡ್ರಿ ನಿಮ್ಮ ಮಗಳ ಬಾಯಿ,” ಅಂದ.

ಅಪ್ಪ ಸಾಮಾನುಗಳನ್ನು ಮತ್ತೆ ಚೀಲಕ್ಕೆ ತುಂಬತೊಡಗಿದ.  ಅವನ ತುಟಿ ಅಲುಗುತ್ತಿದ್ದುದನ್ನು ನೋಡಿದೆ. ಇನ್ನೊಂದು ಗಳಿಗೆ ಬಿಟ್ಟಿದ್ದರೆ “ಆತ್ರಿ ಅಳಿಯಂದ್ರೆ” ಅಂದುಬಿಡುತ್ತಿದ್ದ. ಆ ಮಾತು ಹೊರಬೀಳುವ ಮೊದಲೇ ನಾನು ಬಟ್ಟೆಯ ಬ್ಯಾಗನ್ನೂ ಉಂಡಿಯ ಡಬ್ಬಿಯನ್ನೂ ಎತ್ತಿಕೊಂಡು ಬಸ್ ಸ್ಟ್ಯಾಂಡಿನ ಕಡೆ ನಡೆದೆ. ಹಿಂದೆ ಅಪ್ಪ, ಅವನ ಹಿಂದೆ ಅಣ್ಣ ಬಂದರು. ಗಾಡಿ ಅಲ್ಲೇ ಉಳಿಯಿತು, ಅದು ಅವನ ಹೆಸರಿನಲ್ಲಿತ್ತು.  ಬಸ್ಸಿನಲ್ಲಿ ನನಗೆ ಹಸಿವಾಯಿತು, ಡಬ್ಬಿ ತೆಗೆದು ಉಂಡಿ ತಿಂದೆ. ಅಣ್ಣ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡ.

ಈಗ ನಾನು ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಕಡೆ ಕೆಲಸಕ್ಕಿದ್ದೇನೆ. ಅಪ್ಪ ಆಗಾಗ ಬಂದು ಹೋಗುತ್ತಾನೆ. ಬಂದಾಗಲೆಲ್ಲ ಒಂದೇ ರಾಗ: “ಆ ಚೀಲ ತೋರಿಸಬಾರದಿತ್ತು ನೋಡವ್ವ.” ಅಣ್ಣನದು ಇನ್ನೊಂದು: ಇಂಜಿನ್ ಬಿಚ್ಚಿಸಬಾರದಿತ್ತು. ಇಬ್ಬರೂ ಇನ್ನೂ ಗಾಡಿಯಲ್ಲೇ ದೋಷ ಹುಡುಕುತ್ತಿದ್ದಾರೆ. ಮೊದಲೆಲ್ಲ ಜಗಳವಾಡುತ್ತಿದ್ದೆ. ಈಗ ಚಾ ಮಾಡಿಕೊಡುತ್ತೇನೆ.

ಮೊನ್ನೆ ಸಂಜೆ ಕೆಲಸ ಬಿಟ್ಟು ರಸ್ತೆ ದಾಟುತ್ತಿದ್ದೆ. ಹಿಂದಿನಿಂದ ಬಂದ ಮೋಟರ್‌ಸೈಕಲ್ಲೊಂದು ನನ್ನ ಸೆರಗಿಗೆ ತಾಗುವಷ್ಟು ಹತ್ತಿರ ಗೇರ್ ಇಳಿಸಿ, ಜನರನ್ನು ತಪ್ಪಿಸಿಕೊಂಡು ಮುಂದೆ ಹೋಯಿತು. ಹೋದ ಮೇಲೆ ಅವನ ಬೆನ್ನು ಕಂಡಿತು, ನಂಬರ್ ಕಂಡಿತು, ಹಿಂದಿನ ಸೀಟಿಗೆ ಹಗ್ಗದಿಂದ ಬಿಗಿದ ಗೊಬ್ಬರದ ಚೀಲ ಕಂಡಿತು. ಯಾರೂ ತೆಗೆದುಕೊಳ್ಳುವುದಿಲ್ಲ ಅಂದಿದ್ದನಲ್ಲ, ಅದನ್ನು ಅವನು ಮಾರಲೇ ಇಲ್ಲ. ಮನೆಯ ತಿರುವಿನಿಂದಲೇ ಅದರ ಸದ್ದು ಹಿಡಿದು ಹಂಚು ಕಾಯಿಸುತ್ತಿದ್ದವಳು ನಾನು. ಅವತ್ತು ಪಕ್ಕದಲ್ಲೇ ಹಾದು ಹೋದರೂ ನನ್ನ ಕಿವಿಗೆ ಗೊತ್ತಾಗಲಿಲ್ಲ. ಗಾಡಿ ಅಷ್ಟು ಚೆನ್ನಾಗಿ ರಿಪೇರಿಯಾಗಿತ್ತು.