ಮೆಕ್ಯಾನಿಕ್ ಆಶಾರಾಣಿಗೆ ಪಿಆರ್ ಬಂದದ್ದು

ಅರಸೀಕೆರೆಯ ತಿಪಟೂರು ರಸ್ತೆಯಲ್ಲಿ ಸಣ್ಣಯ್ಯನವರ ಗ್ಯಾರೇಜಿದೆ. ಅಲ್ಲಿ ಲಾರಿ ರಿಪೇರಿ ಮಾಡುವುದು ಅವರ ಮಗಳು ಆಶಾರಾಣಿ. ಐಟಿಐ ಮುಗಿಸಿ ಹತ್ತು ವರ್ಷದಿಂದ ಅದೇ ಕೆಲಸ. ಮೊದಮೊದಲು ಡ್ರೈವರುಗಳು ಅಪ್ಪನನ್ನು ಹುಡುಕುತ್ತಿದ್ದರು. ಈಗ ಅವಳು ಬರುವ ತನಕ ಕಾಯುತ್ತಾರೆ.

ಆಸ್ಟ್ರೇಲಿಯಾದಲ್ಲಿ ಡೀಸೆಲ್ ಮೆಕ್ಯಾನಿಕ್‌ಗಳ ಕೊರತೆಯಿದೆಯೆಂದು ಓದಿ, ಅಲ್ಲಿ ಕಾಯಂ ನೆಲೆಸಲು ಬೇಕಾದ ಪಿಆರ್‌ಗೆ ಅರ್ಜಿ ಹಾಕಬೇಕೆಂದು ಅವಳು ನನ್ನ ಜೆರಾಕ್ಸ್ ಅಂಗಡಿಗೆ ಬಂದಳು. ಅರ್ಜಿಗೂ ಮೊದಲು ಅವಳಿಗೆ ಕೆಲಸ ಗೊತ್ತಿದೆಯೆಂದು ಆ ದೇಶದವರು ಒಪ್ಪಬೇಕಿತ್ತು. ಅವಳ ಬಳಿ ಇದ್ದ ಪುರಾವೆ ಅಪ್ಪ ಬರೆದುಕೊಟ್ಟ ಒಂದೇ ಪತ್ರ. ಅದು ಸಾಲದೆಂದು ಮೂರು ತಿಂಗಳಿಗೆ ಉತ್ತರ ಬಂತು.

ಹಾಸನದ ವೀಸಾ ಏಜೆಂಟ್ ಚೇತನ್‌ಕುಮಾರ್ ಸುಲಭದ ದಾರಿ ತೋರಿಸಿದ. "ಮೇಡಂ, ಹೆಂಗಸರು ಲಾರಿ ಇಂಜಿನ್ ಬಿಚ್ತಾರೆ ಅಂದ್ರೆ ಯಾರು ನಂಬ್ತಾರೆ? ದೊಡ್ಡ ಶೋರೂಮ್ ಲೆಟರ್ ನಾನೇ ಮಾಡಿಸ್ಕೊಡ್ತೀನಿ."

"ನಾನು ಮಾಡಿರೋ ಕೆಲ್ಸಕ್ಕೆ ಬೇರೆಯೋರ ಹೆಸರು ಯಾಕ್ರೀ?" ಎಂದು ಅವಳು ಎದ್ದು ಬಂದಳು.

ಆಮೇಲೆ ಬೈಕ್ ಹತ್ತಿ ಲಾರಿ ಮಾಲೀಕರನ್ನೆಲ್ಲ ಕಂಡಳು. ಅವರಲ್ಲಿ ಗಂಡಸಿ ಊರಿನ ಜವರಯ್ಯ ನನ್ನ ಅಂಗಡಿಗೇ ಬಂದು ಕೂತರು. "ನನ್ ಗಾಡಿ ಇಂಜಿನ್ನ ಎಲ್ಡು ಸಲ ಇಳ್ಸವ್ಳೆ. ಬರ್ಕಳಪ್ಪ, ನಾನು ಸೈನ್ ಹಾಕ್ತೀನಿ." ಹಾಗೆ ಒಂಬತ್ತು ಪತ್ರಗಳಾದವು. ಅವಳು ಕ್ಲಚ್ ಪ್ಲೇಟ್ ಬದಲಿಸುವುದನ್ನು ನಾನೇ ವಿಡಿಯೋ ಮಾಡಿದೆ. ಎಲ್ಲವನ್ನೂ ಕಳಿಸಿದ ಮೇಲೆ, ಈ ಬಾರಿ ಆಸ್ಟ್ರೇಲಿಯಾದವರು ವಿಡಿಯೋ ಕಾಲ್‌ನಲ್ಲಿ ಸಂದರ್ಶನಕ್ಕೆ ಕರೆದರು.

ಸಂದರ್ಶನ ನನ್ನ ಅಂಗಡಿಯ ಕಂಪ್ಯೂಟರಿನಲ್ಲೇ ನಡೆಯಿತು. ಮೊದಮೊದಲು ಇಬ್ಬರು ಪರೀಕ್ಷಕರ ಇಂಗ್ಲಿಷ್ ಹಿಡಿತಕ್ಕೆ ಸಿಗದೆ ಬೆವೆತಳು. ಆಮೇಲೆ ಅವರಲ್ಲೊಬ್ಬರು, ಹತ್ತು ನಿಮಿಷ ಓಡಿ ನಿಂತುಹೋಗುವ, ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಸ್ಟಾರ್ಟ್ ಆಗುವ ಲಾರಿಯನ್ನು ಏನು ಮಾಡುತ್ತೀರಿ ಎಂದು ಕೇಳಿದರು.

ಆಶಾರಾಣಿಯ ಮುಖ ಅರಳಿತು. "ಮೊದಲು ಡೀಸೆಲ್ ಟ್ಯಾಂಕಿನ ಮುಚ್ಚಳ ತೆಗೆಯುತ್ತೇನೆ. ಬುಸ್ ಎಂದು ಗಾಳಿ ಒಳಗೆ ಎಳೆದುಕೊಂಡರೆ, ಟ್ಯಾಂಕಿಗೆ ಗಾಳಿ ಹೋಗುವ ದಾರಿ ಕಟ್ಟಿದೆ ಎಂದರ್ಥ."

"ಪುಸ್ತಕದಲ್ಲಿ ಓದಿದ್ದೇ?"

"ಇಲ್ಲ ಸರ್. ಗಂಡಸಿ ರಸ್ತೆಯಲ್ಲಿ ತೆಂಗಿನಕಾಯಿ ಲಾರಿ ನಿಂತಾಗ ಕಲಿತದ್ದು."

ಇಬ್ಬರೂ ಪರೀಕ್ಷಕರು ನಕ್ಕರು. ಮುಂದಿನ ಪ್ರಶ್ನೆಗಳೆಲ್ಲ ಮೇಸ್ತ್ರಿಗಳು ಕೂತು ಟೀ ಕುಡಿಯುತ್ತ ಮಾತಾಡಿದಂತೆ ನಡೆದವು. ಅವಳು ಪಾಸಾದಳು.

ಇಂಗ್ಲಿಷ್ ಪರೀಕ್ಷೆ ಎರಡನೇ ಸಲಕ್ಕೆ ಕೈಹಿಡಿಯಿತು. ವಯಸ್ಸು, ಓದು, ಅನುಭವ, ಭಾಷೆ ಎಲ್ಲಕ್ಕೂ ಅಂಕ ಕೂಡಿ, ಅರ್ಜಿ ಹಾಕಿ ಎಂದು ಆಹ್ವಾನ ಬಂತು. ಪೊಲೀಸ್ ಪ್ರಮಾಣಪತ್ರ, ವೈದ್ಯಕೀಯ ತಪಾಸಣೆ ಮುಗಿದವು. ಅಂಕಪಟ್ಟಿಯಲ್ಲೊಂದು ಹೆಸರು, ಪಾಸ್‌ಪೋರ್ಟಿನಲ್ಲೊಂದು ಹೆಸರು ಏಕೆಂದು ನಡುವೆ ಪ್ರಶ್ನೆ ಬಂತು. ಇಪ್ಪತ್ತೆಂಟು ದಿನ ಗಡುವು. ಅವಳು ನಾಲ್ಕನೇ ದಿನಕ್ಕೇ ಎರಡೂ ತನ್ನದೇ ಹೆಸರೆಂದು ಅಫಿಡವಿಟ್ ಕಳಿಸಿದಳು. ಮತ್ತೆ ಹನ್ನೊಂದು ತಿಂಗಳು ಕಾದದ್ದಾಯಿತು.

ಒಂದು ಮಧ್ಯಾಹ್ನ ಸಣ್ಣಯ್ಯ ಅವಳ ಫೋನ್ ಹಿಡಿದು ನನ್ನಲ್ಲಿಗೆ ಓಡಿಬಂದರು. "ಏನೋ ಬಂದೈತೆ, ಓದಪ್ಪ." ಪಿಆರ್ ಮಂಜೂರಾಗಿತ್ತು. ಇಬ್ಬರೂ ಗ್ಯಾರೇಜಿಗೆ ಧಾವಿಸಿದೆವು.

"ಆಶಾ, ಈಚೆ ಬಾರವ್ವ!"

"ಬತ್ತೀನಿ ಇರಪ್ಪ, ಒಂದು ನಟ್ ಬಾಕಿ ಐತೆ," ಎಂದಳು ಲಾರಿಯಡಿಯಿಂದ. ಬಿಗಿ ಮಾಡಿಯೇ ಈಚೆ ಬಂದಳು. ಓದಿದಳು, ಮತ್ತೊಮ್ಮೆ ಓದಿದಳು, ಆಮೇಲೆ ಹಾಕಿದ ಕೇಕೆಗೆ ಎದುರಿನ ಹೋಟೆಲಿನವರೆಲ್ಲ ರಸ್ತೆಗೆ ಬಂದರು.

ಮರುದಿನ ಸಣ್ಣಯ್ಯ ಇಸ್ತ್ರಿ ಅಂಗಿ ತೊಟ್ಟು ಬಂದು, ಮಗಳ ಜೊತೆ ಹೋಗಿ ಆ ದೇಶ ನೋಡಿಬರಲು ಬೇಕಾದ ವೀಸಾಕ್ಕೆ ತಮ್ಮ ಫೋಟೊ ತೆಗೆಯಲು ಹೇಳಿದರು. ವೀಸಾ ಫೋಟೊದಲ್ಲಿ ನಗಬಾರದೆಂದು ನಾನು ಎಷ್ಟು ಹೇಳಿದರೂ ಅವರ ನಗು ನಿಲ್ಲಲಿಲ್ಲ. ನಾಲ್ಕು ಸಲ ತೆಗೆಯಬೇಕಾಯಿತು.