ಕುಂಕುಮ ಹಚ್ಚಿದ ಚಾರ್ಜರ್

ಪರೀಕ್ಷೆಯ ಯಂತ್ರ ಕಿರ್ರೆಂದು ಕೂಗಿತು, ಕೆಂಪು ದೀಪ ಹತ್ತಿತು. ಶಿರಸಿಯ ನಮ್ಮ ಪುಟ್ಟ ಕಾರ್ಖಾನೆಯ ಬ್ಯಾಟರಿ ಚಾರ್ಜರಿನ ಹೊರಮೈಗೆ ಕರೆಂಟು ಸೋರುತ್ತಿದೆ ಎಂದರ್ಥ. ತಪಾಸಣೆಗೆ ಬಂದಿದ್ದ ಎಂಜಿನಿಯರು ಪೆನ್ನು ತೆಗೆದರು. ಅವರು ‘ಫೇಲ್’ ಎಂದು ಬರೆದರೆ ಯುರೋಪಿನಲ್ಲಿ ಮಾರಲು ಬೇಕಾದ ಸಿಇ ಗುರುತು ಹಾಕುವಂತಿಲ್ಲ. ಗುರುತಿಲ್ಲದ ಮಾಲನ್ನು ಜರ್ಮನಿಯವರು ಮುಟ್ಟುವುದಿಲ್ಲ. ಇದು 2004ರ ಮಾತು; ಅವರದ್ದೇ ನಮಗೆ ಸಿಕ್ಕ ಮೊದಲ ಹೊರದೇಶದ ಆರ್ಡರ್. ಹಿಂದಿನ ಸಂಜೆ ನಾನೇ ಮೂರು ಸಲ ಪರೀಕ್ಷಿಸಿದ್ದೆ, ಮೂರು ಸಲವೂ ಪಾಸಾಗಿತ್ತು.

ಬಗ್ಗಿ ನೋಡಿದೆ. ವೈರು ಸಿಕ್ಕಿಸುವ ಜಾಗದ ಸುತ್ತ ಏನೋ ಕೆಂಪಗೆ ಒದ್ದೆಯಾಗಿತ್ತು.

“ಇದೆಂತದು?” ಎಂದೆ.

ಬಾಗಿಲಲ್ಲಿ ನಿಂತಿದ್ದ ಮಾಲೀಕರ ತಾಯಿ ಸಣ್ಣ ದನಿಯಲ್ಲಿ, “ಕುಂಕುಮ, ತಂಗೀ. ಪರೀಕ್ಷೆ ಚೊಲೋ ಆಗ್ಲಿ ಹೇಳಿ ಈಗಷ್ಟೇ ನೀರಲ್ಲಿ ಕಲಸಿ ಹಚ್ಚಿದ್ದೆ” ಎಂದರು.

“ಆಯೀ!” ಎಂದು ಮಾಲೀಕರು ತಲೆ ಹಿಡಿದುಕೊಂಡರು.

ಎಂಜಿನಿಯರು ಚಾರ್ಜರನ್ನು ತಿರುಗಿಸಿ ನೋಡಿದರು. ನಗಲಿಲ್ಲ. “ಹೊರಗಿನ ಒದ್ದೆಯಿಂದ ಸೋರಿದ್ರೆ ಇನ್ನೊಂದು ಪೀಸ್ ನೋಡಬಹುದು. ಪೂಜೆ ಆಗದೇ ಇರೋದು ಇದ್ರೆ ಕೊಡಿ.”

ಕಪಾಟಿನಿಂದ ಇನ್ನೊಂದನ್ನು ತಂದು ಜೋಡಿಸಿದೆ. ಅದು ಮೂರು ಸಾವಿರ ವೋಲ್ಟನ್ನು ಒಂದು ನಿಮಿಷ ತಡೆಯಬೇಕಿತ್ತು. ಆಯಿ ಕುಂಕುಮ ಮೆತ್ತಿದ್ದ ಕೈಯನ್ನು ಸೆರಗಿನೊಳಗೆ ಮುಚ್ಚಿಕೊಂಡಿದ್ದರು. ಕೊನೆಗೂ ಹಸಿರು ದೀಪ ಹತ್ತಿತು.

ಈಗಲೂ ಮಾಲು ಹೊರಡುವ ದಿನ ಆಯಿ ಕುಂಕುಮದ ಬಟ್ಟಲು ಹಿಡಿದು ಬರುತ್ತಾರೆ. ನಾನು ರಟ್ಟಿನ ಪೆಟ್ಟಿಗೆಗೆ ಕೊನೆಯ ಟೇಪು ಅಂಟಿಸುವವರೆಗೂ ದೂರದಲ್ಲೇ ನಿಂತು, “ಈಗ ಅಡ್ಡಿಲ್ಯನೇ ತಂಗೀ?” ಎಂದು ಕೇಳಿ, ಆಮೇಲೆ ಪೆಟ್ಟಿಗೆಯ ಮೇಲಿನ ಸಿಇ ಗುರುತಿನ ಪಕ್ಕದಲ್ಲೇ ಒಂದು ಬೊಟ್ಟು ಇಡುತ್ತಾರೆ.